ಮೆಡಿಕಲ್ ಬಿಲ್ಲಿಂಗ್ ಕಲಿಯಬೇಕಾ? ಕೋಡ್ ಪುಸ್ತಕ ಆಮೇಲೆ ತೆಗೆಯಿರಿ

ಅಮೆರಿಕದ ಮೆಡಿಕಲ್ ಬಿಲ್ಲಿಂಗ್ ಅಂದರೆ ಚಿಕಿತ್ಸೆಯ ದುಡ್ಡನ್ನು ವಿಮಾ ಕಂಪನಿಯಿಂದ ಕೇಳಿ ಪಡೆಯುವ ಕೆಲಸ. ಅದನ್ನು ಕಲಿಯಲು ಹೊರಟವರಲ್ಲಿ ಜಾಸ್ತಿ ಜನ ಮೊದಲ ದಿನವೇ ಕೋಡ್, ಅಂದರೆ ಕಾಯಿಲೆ ಮತ್ತು ಚಿಕಿತ್ಸೆಗಳ ಗುರುತಿನ ಸಂಕೇತ, ಬಾಯಿಪಾಠಕ್ಕೆ ಕೂರುತ್ತಾರೆ. ಅಲ್ಲಿ ಕಾಯಿಲೆಯ ಕೋಡ್‌ಗಳೇ 70 ಸಾವಿರ ದಾಟುತ್ತವೆ. ಅಷ್ಟು ಯಾರ ತಲೆಯಲ್ಲೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹುಡುಕಲು ಪುಸ್ತಕವಿದೆ, ಸಾಫ್ಟ್‌ವೇರ್ ಇದೆ. ಈ ಕೆಲಸಕ್ಕೆ ಬೇಕಿರುವುದು ಕಾಗದವನ್ನು ನಿಧಾನವಾಗಿ ಓದುವ ಅಭ್ಯಾಸ. ಅದಕ್ಕೇ ನಾನು ಹೇಳುವ ದಾರಿ ಸ್ವಲ್ಪ ಉಲ್ಟಾ: ದುಡ್ಡು ಬಂದ ಕಾಗದದಿಂದ ಶುರು ಮಾಡಿ, ಹಿಂದಕ್ಕೆ ನಡೆಯಿರಿ.

ಹಂತ 1: ಇಒಬಿ ಓದುವುದು

ಕ್ಲಿನಿಕ್ ದುಡ್ಡು ಕೇಳಿ ಕಳಿಸಿದ ಬೇಡಿಕೆಯೇ ಕ್ಲೇಮ್. ಅದನ್ನು ಪರಿಶೀಲಿಸಿದ ಮೇಲೆ ವಿಮಾ ಕಂಪನಿ ಒಂದು ಲೆಕ್ಕ ಕಳಿಸುತ್ತದೆ. ರೋಗಿಗೆ ಹೋಗುವುದು ಇಒಬಿ (ಎಕ್ಸ್‌ಪ್ಲನೇಷನ್ ಆಫ್ ಬೆನಿಫಿಟ್ಸ್). ಕ್ಲಿನಿಕ್‌ಗೆ ಬರುವುದು ಇಆರ್‌ಎ (ಎಲೆಕ್ಟ್ರಾನಿಕ್ ರೆಮಿಟೆನ್ಸ್ ಅಡ್ವೈಸ್), ಅಂದರೆ 835 ಅನ್ನುವ ಕಂಪ್ಯೂಟರ್ ಫೈಲ್. ಎರಡರಲ್ಲೂ ಇರುವ ಲೆಕ್ಕ ಒಂದೇ.

ಡಾಕ್ಟರ್ 200 ಡಾಲರ್ ಬಿಲ್ ಮಾಡಿದ್ದಾರೆ ಅಂದುಕೊಳ್ಳಿ. ಕಂಪನಿ ಜೊತೆಗಿನ ಒಪ್ಪಂದದ ದರ 120 ಡಾಲರ್. ರೋಗಿ ಆ ವರ್ಷದ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ರೋಗಿಯೇ ಕಟ್ಟಬೇಕಾದ ಮೊತ್ತ) ಆಗಲೇ ಕಟ್ಟಿ ಮುಗಿಸಿದ್ದಾರೆ, ಕೋಇನ್ಶೂರೆನ್ಸ್ (ಆಮೇಲಿನ ಖರ್ಚಿನಲ್ಲಿ ರೋಗಿಯ ಶೇಕಡಾ ಪಾಲು) ಶೇ 20. ಈಗ ಇಒಬಿಯಲ್ಲಿ ಏನಿರುತ್ತದೆ? 80 ಡಾಲರ್ ಪಕ್ಕದಲ್ಲಿ ಸಿಒ-45 ಅಂತ ಇರುತ್ತದೆ. ಒಪ್ಪಂದದ ದರಕ್ಕಿಂತ ಹೆಚ್ಚಿಗೆ ಹಾಕಿದ ಮೊತ್ತ ಅದು. ಅದನ್ನು ಕ್ಲಿನಿಕ್ ಕೈಬಿಡಬೇಕು, ರೋಗಿಯ ಹತ್ತಿರ ಕೇಳುವ ಹಾಗಿಲ್ಲ. 24 ಡಾಲರ್ ಪಕ್ಕದಲ್ಲಿ ಪಿಆರ್-2, ಅದು ರೋಗಿ ಕೊಡಬೇಕಾದ ಪಾಲು. ಉಳಿದ 96 ಡಾಲರ್ ಕಂಪನಿ ಕೊಡುತ್ತದೆ. ಮೂರನ್ನೂ ಕೂಡಿದರೆ 200 ಬರಲೇಬೇಕು. ಒಂದು ಸೆಂಟ್ ಆಚೀಚೆಯಾದರೂ ಎಲ್ಲೋ ತಪ್ಪಿದೆ ಅಂತಲೇ ಲೆಕ್ಕ.

ಪಿಆರ್-1 ಅಂದರೆ ಡಿಡಕ್ಟಿಬಲ್, ಪಿಆರ್-3 ಅಂದರೆ ಕೋಪೇ, ಅಂದರೆ ಭೇಟಿಗೆ ಇಷ್ಟು ಅಂತ ರೋಗಿ ಕೊಡುವ ನಿಗದಿತ ಮೊತ್ತ. ಪಿಆರ್ ಕಂಡರೆ ರೋಗಿಯ ಜೇಬು, ಸಿಒ ಕಂಡರೆ ಕ್ಲಿನಿಕ್‌ನ ಜೇಬು. ಇಷ್ಟು ಗೊತ್ತಿಲ್ಲದೆ ಸಿಒ ಮೊತ್ತಕ್ಕೂ ರೋಗಿಗೆ ಬಿಲ್ ಕಳಿಸಿ ಜಗಳ ತಂದುಕೊಳ್ಳುವ ಹೊಸಬರು ಬೇಕಾದಷ್ಟು ಜನ. ನೀವೇ ಬೇರೆ ಬೇರೆ ಅಂಕಿ ಹಾಕಿಕೊಂಡು, ಡಿಡಕ್ಟಿಬಲ್ ಅರ್ಧ ಮಾತ್ರ ಕಟ್ಟಿದ್ದರೆ ಏನಾಗುತ್ತದೆ ಅಂತ ಲೆಕ್ಕ ಮಾಡಿ ನೋಡಿ. ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲೇ ಇದನ್ನು ಕಲಿಯಬಹುದು.

ಹಂತ 2: ದುಡ್ಡು ಕೊಡುವವರು ಯಾರು?

1965ರಲ್ಲಿ ಬಂದ ಮೆಡಿಕೇರ್ ಮುಖ್ಯವಾಗಿ 65 ದಾಟಿದವರಿಗೆ. ಅದರಲ್ಲಿ ಪಾರ್ಟ್ ಎ ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚಿಗೆ, ಪಾರ್ಟ್ ಬಿ ಡಾಕ್ಟರ್ ಮತ್ತು ಹೊರರೋಗಿ ಸೇವೆಗೆ, ಪಾರ್ಟ್ ಡಿ ಔಷಧಿಗೆ. ಪಾರ್ಟ್ ಸಿ ಅನ್ನುವುದು ಖಾಸಗಿ ಕಂಪನಿಗಳು ನಡೆಸುವ ಅಡ್ವಾಂಟೇಜ್ ಪ್ಲಾನ್. ಮೆಡಿಕೈಡ್ ಕಡಿಮೆ ಆದಾಯದವರಿಗೆ, ಅದರ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಉಳಿದವು ಖಾಸಗಿ ವಿಮೆ.

ಎರಡು ವಿಮೆ ಇದ್ದರೆ ಮೊದಲು ಯಾರಿಗೆ ಕಳಿಸಬೇಕು ಅನ್ನುವುದೂ ತಿಳಿದಿರಬೇಕು. ಮಗುವಿಗೆ ಅಪ್ಪನ ವಿಮೆಯೂ ಇದೆ, ಅಮ್ಮನದೂ ಇದೆ ಅನ್ನಿ. ಸಾಮಾನ್ಯವಾಗಿ ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರ ವಿಮೆಯೇ ಪ್ರೈಮರಿ, ಅಂದರೆ ಮೊದಲು ಕ್ಲೇಮ್ ಹೋಗುವುದು ಅಲ್ಲಿಗೆ. ಯಾರು ದೊಡ್ಡವರು ಅನ್ನುವುದು ಲೆಕ್ಕಕ್ಕಿಲ್ಲ. ಕೇಳಿದರೆ ನಗು ಬರುತ್ತದೆ, ಆದರೆ ನಿಜವಾಗಿಯೂ ನಡೆಯುವುದು ಹೀಗೇ.

ಹಂತ 3: ಒಂದೇ ಕೇಸ್ ಹಿಡಿದು ಕೋಡ್ ಕಲಿಯುವುದು

ಮೂರು ಬಗೆಯ ಕೋಡ್‌ಗಳಿವೆ. ಯಾಕೆ ಬಂದರು ಅನ್ನುವುದಕ್ಕೆ ಐಸಿಡಿ-10-ಸಿಎಂ. ಇದು ಅಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಏನು ಮಾಡಿದರು ಅನ್ನುವುದಕ್ಕೆ ಸಿಪಿಟಿ. ಚುಚ್ಚುಮದ್ದು, ಆಂಬುಲೆನ್ಸ್, ಸಲಕರಣೆಗಳಂಥವಕ್ಕೆ ಎಚ್‌ಸಿಪಿಸಿಎಸ್.

ಬಲ ಮಂಡಿಯ ಸವೆತಕ್ಕೆ ಡಾಕ್ಟರ್ ಕೀಲಿಗೆ 40 ಮಿಲಿಗ್ರಾಂ ಟ್ರೈಯಾಮ್ಸಿನೊಲೋನ್ ಚುಚ್ಚಿದರು. ರೋಗಕ್ಕೆ ಎಂ17.11. ಚುಚ್ಚಿದ ಕೆಲಸಕ್ಕೆ 20610, ಜೊತೆಗೆ ಬಲಗಡೆ ಅಂತ ಹೇಳುವ ಆರ್‌ಟಿ ಮಾಡಿಫೈಯರ್ (ಕೋಡ್‌ಗೆ ಸೇರಿಸುವ ಹೆಚ್ಚುವರಿ ಸೂಚನೆ). ಔಷಧಿಗೆ ಜೆ3301. ಈಗ ಗಮನಿಸಿ. ಎಂ17.11ರ ಬದಲು ಎಂ17.12 ಅಂತ ಬಿದ್ದರೆ ಅದು ಎಡ ಮಂಡಿಯ ಕಾಯಿಲೆ. ಕಾಯಿಲೆ ಎಡಕ್ಕೆ, ಸೂಜಿ ಬಲಕ್ಕೆ! ಕ್ಲೇಮ್ ವಾಪಸ್ ಬರದೆ ಇನ್ನೇನಾಗುತ್ತದೆ? ಇನ್ನೊಂದು, ಜೆ3301ರ ಒಂದು ಯೂನಿಟ್ ಅಂದರೆ 10 ಮಿಲಿಗ್ರಾಂ. 40 ಕೊಟ್ಟಿದ್ದಕ್ಕೆ 4 ಯೂನಿಟ್ ಹಾಕಬೇಕು. ಒಂದೇ ಸಿರಿಂಜ್ ಅಲ್ವಾ ಅಂತ 1 ಹಾಕಿದರೆ ಔಷಧಿಯ ಮುಕ್ಕಾಲು ದುಡ್ಡು ಹೋಯಿತು. ಇದಕ್ಕೆ ಡಿನಯಲ್ (ದುಡ್ಡು ಕೊಡುವುದಿಲ್ಲ ಅನ್ನುವ ಉತ್ತರ) ಕೂಡ ಬರುವುದಿಲ್ಲ, ಕಮ್ಮಿ ದುಡ್ಡು ಬಂದು ಸುಮ್ನೆ ಕೂತಿರುತ್ತದೆ.

ಅದೇ ದಿನ ಡಾಕ್ಟರ್ ಬೇರೆ ತೊಂದರೆಯನ್ನೂ ಸರಿಯಾಗಿ ಪರೀಕ್ಷೆ ಮಾಡಿದ್ದರೆ 99213ರಂಥ ವಿಸಿಟ್ ಕೋಡ್‌ಗೆ, ಆ ಪರೀಕ್ಷೆ ಪ್ರತ್ಯೇಕ ಅಂತ ಹೇಳುವ 25 ಮಾಡಿಫೈಯರ್ ಸೇರಿಸಬಹುದು. ಆದರೆ ಡಾಕ್ಟರ ನೋಟ್‌ನಲ್ಲಿ ಆ ಪರೀಕ್ಷೆ ಬರೆದಿರಬೇಕು. ಮಾಡಿರುತ್ತಾರೆ ಬಿಡಿ ಅಂತ ಊಹಿಸಿ ಕೋಡ್ ಹಾಕಿದರೆ ಅದು ಮೋಸದ ಬಿಲ್. ಅದಕ್ಕೆ ಅಲ್ಲಿ ದೊಡ್ಡ ದಂಡವಿದೆ.

ಹಂತ 4: ಫಾರಂ

ಡಾಕ್ಟರ ಬಿಲ್‌ಗೆ ಸಿಎಂಎಸ್-1500, ಆಸ್ಪತ್ರೆ ಬಿಲ್‌ಗೆ ಯುಬಿ-04. ಸಿಎಂಎಸ್-1500ರ 21ನೇ ಪೆಟ್ಟಿಗೆಯಲ್ಲಿ ರೋಗದ ಕೋಡ್ ಬರುತ್ತದೆ, 24ಡಿಯಲ್ಲಿ ಮಾಡಿದ ಕೆಲಸ. 24ಇ ಇವೆರಡನ್ನೂ ಜೋಡಿಸುತ್ತದೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಕಂಪನಿ ನೋಡುವುದು ಇಲ್ಲೇ. ಈಗ ಹೆಚ್ಚಿನ ಕ್ಲೇಮ್‌ಗಳು 837 ಅನ್ನುವ ಕಂಪ್ಯೂಟರ್ ಫೈಲ್ ಆಗಿ, ಕ್ಲೇಮ್ ತಪಾಸಿಸಿ ವಿಮಾ ಕಂಪನಿಗೆ ದಾಟಿಸುವ ಮಧ್ಯವರ್ತಿ ಕ್ಲಿಯರಿಂಗ್‌ಹೌಸ್ ಮೂಲಕ ಹೋಗುತ್ತವೆ. ಪೆಟ್ಟಿಗೆಗಳ ಪರಿಚಯ ಇದ್ದರೆ ಫೈಲ್‌ನಲ್ಲಿ ಏನಿದೆ ಅಂತ ತಾನಾಗಿ ಗೊತ್ತಾಗುತ್ತದೆ.

ಹಂತ 5: ವಾಪಸ್ ಬಂದದ್ದನ್ನು ಸರಿಮಾಡುವುದು

ಸಂಬಳ ಬರುವುದೇ ಈ ಕೆಲಸಕ್ಕೆ ಅಂದರೂ ತಪ್ಪಿಲ್ಲ. ರಿಜೆಕ್ಟ್ ಬೇರೆ, ಡಿನಯ್ ಬೇರೆ. ರಿಜೆಕ್ಟ್ ಆದ ಕ್ಲೇಮ್ ಕಂಪನಿಯ ಒಳಗೇ ಹೋಗಿಲ್ಲ, ತಿದ್ದಿ ಮತ್ತೆ ಕಳಿಸಿದರಾಯಿತು. ಡಿನಯ್ ಆದದ್ದನ್ನು ಅವರು ನೋಡಿ ಇಲ್ಲ ಅಂದಿದ್ದಾರೆ. ಅದಕ್ಕೆ ಕಾರಣದ ಕೋಡ್ ಓದಿ, ತಿದ್ದಿದ ಕ್ಲೇಮ್ ಕಳಿಸಬೇಕೋ ಅಪೀಲು ಹಾಕಬೇಕೋ ಅಂತ ತೀರ್ಮಾನಿಸಬೇಕು. ಡಿನಯ್ ಆದದ್ದನ್ನೇ ಹಾಗೇ ಮತ್ತೆ ಕಳಿಸಿದರೆ ಸಿಒ-18 ಬರುತ್ತದೆ, ಅಂದರೆ ಡೂಪ್ಲಿಕೇಟ್. ಮಾಹಿತಿ ಸಾಲದಿದ್ದರೆ ಸಿಒ-16. ವೈದ್ಯಕೀಯವಾಗಿ ಅಗತ್ಯ ಕಾಣಲಿಲ್ಲ ಅಂದರೆ ಸಿಒ-50. ಗಡುವು ಮೀರಿದರೆ ಸಿಒ-29, ಇದೊಂದು ಬಂದರೆ ಉಳಿಸಿಕೊಳ್ಳುವುದು ಬಲು ಕಷ್ಟ. ಮೆಡಿಕೇರ್ ಸೇವೆ ಕೊಟ್ಟ ದಿನದಿಂದ ಒಂದು ವರ್ಷ ಸಮಯ ಕೊಡುತ್ತದೆ. ಕೆಲವು ಖಾಸಗಿ ಕಂಪನಿಗಳದು ಬರೀ 90 ದಿನ.

ವಾಪಸ್ ಬಂದದ್ದರ ಬೆನ್ನು ಹತ್ತಿ ಹೋದರೆ ಎಷ್ಟೋ ಸಲ ರಿಸೆಪ್ಷನ್ ಮೇಜಿಗೇ ಹೋಗಿ ನಿಲ್ಲುತ್ತೀರಿ. ಹುಟ್ಟಿದ ದಿನಾಂಕ ತಪ್ಪು, ಹಳೆ ಕಾರ್ಡಿನ ನಂಬರ್, ಮುಗಿದುಹೋದ ಪಾಲಿಸಿ.

ಹಂತ 6: ಪುಸ್ತಕ, ಪರೀಕ್ಷೆ, ಕೆಲಸ

ಐಸಿಡಿ-10-ಸಿಎಂ ಪಟ್ಟಿ ಅಮೆರಿಕ ಸರ್ಕಾರದ ಸಿಡಿಸಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಸಿಪಿಟಿ ಹಕ್ಕು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನದು, ಪುಸ್ತಕ ಕೊಳ್ಳಬೇಕು. ಐಸಿಡಿ ಅಕ್ಟೋಬರ್‌ನಲ್ಲಿ, ಸಿಪಿಟಿ ಜನವರಿಯಲ್ಲಿ ಬದಲಾಗುತ್ತದೆ. ಹಾಗಾಗಿ ಹಳೆ ಪುಸ್ತಕ ಅಗ್ಗಕ್ಕೆ ಸಿಕ್ಕರೆ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳಿ.

ಕೋಡರ್, ಬಿಲ್ಲರ್‌ಗಳಿಗೆ ಪ್ರಮಾಣಪತ್ರ ಕೊಡುವ ಎಎಪಿಸಿ ಸಂಸ್ಥೆಯ ಪರೀಕ್ಷೆಗಳಲ್ಲಿ ಕೋಡಿಂಗ್‌ಗೆ ಸಿಪಿಸಿ, ಬಿಲ್ಲಿಂಗ್‌ಗೆ ಸಿಪಿಬಿ. ಸಿಪಿಸಿಯಲ್ಲಿ 100 ಪ್ರಶ್ನೆ, 4 ಗಂಟೆ, ಪಾಸಾಗಲು ಶೇ 70. ಕೋಡ್ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಬಹುದು. ಅನುಭವ ಇಲ್ಲದೆ ಪಾಸಾದವರಿಗೆ ಸಿಪಿಸಿ-ಎ ('ಎ' ಅಂದರೆ ಅಪ್ರೆಂಟಿಸ್) ಅಂತ ಕೊಡುತ್ತಾರೆ, ಅನುಭವ ತೋರಿಸಿದ ಮೇಲೆ ಆ 'ಎ' ಹೋಗುತ್ತದೆ. ಕೋಡರ್ ಆಗುವ ಆಸೆಯಿದ್ದರೆ ಅಂಗರಚನೆ ಓದದೆ ಗತಿಯಿಲ್ಲ. ಬಿಲ್ಲಿಂಗ್ ಸಾಕು ಅನ್ನುವವರು ಪೇಮೆಂಟ್ ಪೋಸ್ಟಿಂಗ್, ಅಂದರೆ ಬಂದ ದುಡ್ಡನ್ನು ರೋಗಿಯ ಖಾತೆಗೆ ದಾಖಲಿಸುವ ಕೆಲಸಕ್ಕೆ ಮೊದಲು ಅರ್ಜಿ ಹಾಕಿ. ಅಲ್ಲಿ ದಿನವಿಡೀ ಕೈಗೆ ಬರುವುದು 835 ಫೈಲ್ ಮತ್ತು ಇಒಬಿಗಳೇ.