ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಸಭೆ: ಪಾಲ್ಗೊಳ್ಳುವುದು ಹೇಗೆ?

ಅಮೆರಿಕದ ಅಣು ವಿದ್ಯುತ್ ಸ್ಥಾವರಗಳಿಗೆ ಪರವಾನಗಿ ಕೊಟ್ಟು, ಅವುಗಳ ತಪಾಸಣೆಯನ್ನೂ ನಡೆಸುವ ಪರಮಾಣು ನಿಯಂತ್ರಣ ಆಯೋಗವು 1975ರಿಂದ ಕೆಲಸ ಮಾಡುತ್ತಿದೆ. ಅದರ ಹೆಚ್ಚಿನ ಸಭೆಗಳಿಗೆ ಸಾರ್ವಜನಿಕರು ಹೋಗಬಹುದಾದರೂ, ಹೋದವರಿಗೆಲ್ಲ ಮಾತನಾಡಲು ಅವಕಾಶ ಸಿಗುವುದಿಲ್ಲ. ಆದ್ದರಿಂದ ಸಭೆ ಯಾವ ಬಗೆಯದು ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ಐವರು ಆಯುಕ್ತರು ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿ ಸೇರುವ ಸಭೆಯನ್ನು 1976ರ ಕಾಯ್ದೆಯೊಂದರ ಪ್ರಕಾರ ಬಹಿರಂಗವಾಗಿಯೇ ನಡೆಸಬೇಕು. ಭದ್ರತೆಯಂಥ ಕೆಲವು ವಿಷಯಗಳಿಗೆ ಮಾತ್ರ ವಿನಾಯಿತಿಯಿದೆ. ಅಲ್ಲಿ ಸಾರ್ವಜನಿಕರು ಕೇಳಿಸಿಕೊಳ್ಳಬಹುದು, ಅಷ್ಟೇ.

ಮಾತಿಗೆ ಎಡೆಯಿರುವುದು ಆಯೋಗದ ಸಿಬ್ಬಂದಿ ನಡೆಸುವ ಸಭೆಗಳಲ್ಲಿ. ಇವುಗಳ ಸೂಚನೆ ಸಾಮಾನ್ಯವಾಗಿ 10 ದಿನ ಮೊದಲೇ ಆಯೋಗದ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಸೂಚನೆಯಲ್ಲಿ ಸ್ಥಳ, ಸಮಯಗಳಿಗಿಂತ ಮೊದಲು ಸಭೆಯ ವರ್ಗವನ್ನು ನೋಡಿ. ವೀಕ್ಷಣಾ ಸಭೆಯಾದರೆ ಸಿಬ್ಬಂದಿಗೂ ಸ್ಥಾವರ ನಡೆಸುವ ಕಂಪನಿಗೂ ನಡೆಯುವ ಚರ್ಚೆ ಮುಗಿಯುವವರೆಗೆ ಸುಮ್ಮನೆ ಕುಳಿತಿದ್ದು, ಬಳಿಕ ಪ್ರಶ್ನೆ ಕೇಳಬೇಕು. ಆ ಪ್ರಶ್ನೆಯೂ ಕಂಪನಿಗಲ್ಲ, ಆಯೋಗದ ಸಿಬ್ಬಂದಿಗೆ. ಎರಡನೆಯದು ಮಾಹಿತಿ ಮತ್ತು ಪ್ರಶ್ನೋತ್ತರ ಸಭೆ. ಮೂರನೆಯದಾದ ಅಭಿಪ್ರಾಯ ಸಂಗ್ರಹ ಸಭೆಯಲ್ಲಿ, ಉದಾಹರಣೆಗೆ ಪರಿಸರ ಪರಿಣಾಮದ ಕರಡು ವರದಿಯ ಬಗ್ಗೆ, ಆಯೋಗವೇ ಜನರ ಮಾತು ಕೇಳಲು ಬಂದಿರುತ್ತದೆ. ದೂರದ ಪ್ರಯಾಣ ಮಾಡುವುದಿದ್ದರೆ ಈ ಮೂರನೆಯದಕ್ಕೇ ಮಾಡುವುದು ಲೇಸು.

ಹೊರಡುವ ಮುನ್ನ ಸ್ಥಾವರದ ಕಡತ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ಡಯಾಬ್ಲೊ ಕ್ಯಾನ್ಯನ್‌ನ ಎರಡು ಘಟಕಗಳ ಸಂಖ್ಯೆ 50-275 ಮತ್ತು 50-323. ಆಯೋಗದ ದಾಖಲೆ ಭಂಡಾರದಲ್ಲಿ ಈ ಸಂಖ್ಯೆ ಕೊಟ್ಟರೆ ತಪಾಸಣಾ ವರದಿ, ಪತ್ರವ್ಯವಹಾರಗಳು ಸಿಗುತ್ತವೆ. ಪ್ರತಿ ದಾಖಲೆಗೂ ಎಂಎಲ್ ಅಕ್ಷರಗಳಿಂದ ಶುರುವಾಗುವ ಗುರುತು ಸಂಖ್ಯೆಯಿರುತ್ತದೆ. ಅದನ್ನೂ ಪುಟವನ್ನೂ ಹೇಳಿ ಕೇಳಿದ ಪ್ರಶ್ನೆಯನ್ನು ಹಾರಿಕೆಯ ಉತ್ತರ ಕೊಟ್ಟು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಕೈಗಾದ 5 ಮತ್ತು 6ನೇ ಘಟಕಗಳ ಬಗ್ಗೆ 2018ರಲ್ಲಿ ನಡೆದ ಅಹವಾಲು ಸಭೆಯನ್ನು ಕಂಡವರು ಇದನ್ನೂ ಅದೇ ಬಗೆಯದೆಂದು ಭಾವಿಸಬಾರದು. ಅದು ಪರಿಸರ ಅನುಮತಿಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸಿದ ಸಭೆಯೇ ಹೊರತು ಅಣು ನಿಯಂತ್ರಕರದ್ದಲ್ಲ.

ಸಭೆಯಲ್ಲಿ ಎಷ್ಟೇ ಖಾರವಾಗಿ ಮಾತನಾಡಿದರೂ ಅದು ಪರವಾನಗಿಗೆ ಸಲ್ಲಿಸಿದ ಕಾನೂನುಬದ್ಧ ಆಕ್ಷೇಪವಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ವಿಚಾರಣೆಯಿದೆ. ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಣೆ ಬಂದ ಮೇಲೆ ಸಾಮಾನ್ಯವಾಗಿ 60 ದಿನಗಳೊಳಗೆ, ಈ ಪರವಾನಗಿಯಿಂದ ತಮಗೇನು ಬಾಧೆ, ಅರ್ಜಿಯ ಯಾವ ಅಂಶಕ್ಕೆ ಯಾವ ಆಧಾರದ ಮೇಲೆ ತಕರಾರು ಎಂಬುದನ್ನು ವಿವರಿಸಿ ಲಿಖಿತ ಅರ್ಜಿ ಸಲ್ಲಿಸಬೇಕು. ಗಡುವು ಮೀರಿದರೆ, ತಡವಾದದ್ದಕ್ಕೆ ತಕ್ಕ ಕಾರಣವನ್ನೂ ಅರ್ಜಿದಾರರೇ ತೋರಿಸಬೇಕಾಗುತ್ತದೆ.