ಇಂಗ್ಲೆಂಡಿಗೆ ಹೊಸಬರೇ? ಆತಂಕ ಕಾಡುತ್ತಿದ್ದರೆ ಇದನ್ನು ಓದಿ

ಬಾಡಿಗೆ ಮನೆ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಬಗ್ಗೆ ಹೊಸಬರು ಧಾರಾಳವಾಗಿ ಕೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ, ಸುಮ್‌ಸುಮ್ನೆ ಎದೆ ಡವಡವ ಅನ್ನುತ್ತದೆ, ಏನು ಮಾಡಲಿ ಎಂದು ಕೇಳುವವರು ಕಡಿಮೆ. ಎಷ್ಟೋ ಜನ ತಿಂಗಳುಗಟ್ಟಲೆ ಒಳಗೊಳಗೇ ಒದ್ದಾಡುತ್ತಾರೆ. ಅಷ್ಟು ದಿನ ಕಾಯಬೇಡಿ.

ಬಂದ ವಾರವೇ ಮನೆ ಹತ್ತಿರದ ಜಿಪಿ ಸರ್ಜರಿಯಲ್ಲಿ, ಅಂದರೆ ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ನಲ್ಲಿ, ಹೆಸರು ಬರೆಸಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ 'ಟಾಕಿಂಗ್ ಥೆರಪೀಸ್' ಎಂಬ, ಆತಂಕಕ್ಕೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಸೇವೆ ಇದೆ. 2008ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ, 2023ರಲ್ಲಿ ಈ ಹೆಸರು ಪಡೆಯಿತು. 18 ದಾಟಿದವರು ಡಾಕ್ಟರ ಚೀಟಿ ಇಲ್ಲದೆ ಆನ್‌ಲೈನ್‌ನಲ್ಲಿ ತಾವೇ ಅರ್ಜಿ ಹಾಕಬಹುದು. ದುಡ್ಡು ಕೊಡಬೇಕಿಲ್ಲ. ವೀಸಾ ಜೊತೆ ಎನ್‌ಎಚ್‌ಎಸ್ ಬಳಸಲೆಂದೇ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದವರು ಸಂಕೋಚಪಡುವುದಾದರೂ ಯಾಕೆ? ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ವ್ಯವಸ್ಥೆ ಬೇರೆ. ಅಲ್ಲಿರುವವರು ಮೊದಲು ಜಿಪಿಯನ್ನೇ ಕೇಳಿ.

ಮೊದಲು ಏಳು ಪ್ರಶ್ನೆಗಳ ಒಂದು ಫಾರ್ಮ್ ಕೊಡುತ್ತಾರೆ. ಹೋದ ಎರಡು ವಾರದಲ್ಲಿ ಎಷ್ಟು ಸಲ ಗಾಬರಿಯಾಯಿತು, ಚಿಂತೆ ನಿಲ್ಲಿಸಲು ಆಗಲಿಲ್ಲವೇ, ಇಂಥವು. ಒಂದೊಂದಕ್ಕೆ 0ಯಿಂದ 3, ಒಟ್ಟು 21 ಅಂಕ. ನಮ್ಮವರಿಗೆ ಎಲ್ಲಕ್ಕೂ 'ಪರವಾಗಿಲ್ಲ' ಎನ್ನುವ ಅಭ್ಯಾಸ ಜಾಸ್ತಿ. ಇಲ್ಲಿ ಹಾಗೆ ಮಾಡಬೇಡಿ. ಯಾವ ಥೆರಪಿ ಕೊಡಬೇಕು ಎಂದು ನೋಡುವಾಗ ಈ ಅಂಕವೂ ಲೆಕ್ಕಕ್ಕೆ ಬರುತ್ತದೆ.

ಆತಂಕಕ್ಕೆ ಇಲ್ಲಿ ಹೆಚ್ಚಾಗಿ ಕೊಡುವುದು ಸಿಬಿಟಿ, ಅಂದರೆ ಯೋಚನೆಯ ರೀತಿ ಮತ್ತು ನಡವಳಿಕೆಯನ್ನು ಬದಲಿಸಲು ಕಲಿಸುವ ಥೆರಪಿ. ಬರೀ ಮಾತಾಡಿದರೆ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ಊರಲ್ಲಿ ಅಮ್ಮ ಫೋನ್ ಎತ್ತಲಿಲ್ಲ. ತಕ್ಷಣ ಏನೋ ಆಗಿಬಿಟ್ಟಿದೆ ಅನಿಸುತ್ತದೆ. ಕೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಮತ್ತೆ ಮತ್ತೆ ಫೋನ್, ಆಮೇಲೆ ಪಕ್ಕದ ಮನೆಯವರಿಗೆ ಫೋನ್. ಕೊನೆಗೆ ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು ಎಂದು ಗೊತ್ತಾದಾಗ ಸಮಾಧಾನ. ಆದರೆ ಆ ಸಮಾಧಾನ ನಾಳೆವರೆಗೆ ಮಾತ್ರ. ವಿಚಾರಿಸಿದ್ದಕ್ಕೇ ಜೀವಕ್ಕೆ ನೆಮ್ಮದಿಯಾಯಿತು ಎಂದು ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ಹೆದರುತ್ತದೆ. ಥೆರಪಿಸ್ಟ್ ಈ ಸುತ್ತನ್ನು ನಿಮ್ಮಿಂದಲೇ ಕಾಗದದ ಮೇಲೆ ಬರೆಸುತ್ತಾರೆ. ಆಮೇಲೆ ಮನೆಗೆಲಸ: ಒಂದು ಸಲ ಫೋನ್ ಮಾಡಿ, ಒಂದು ಗಂಟೆ ಬಿಡಿ. ಏನಾಗಬಹುದು ಅಂದುಕೊಂಡಿರಿ, ಆದದ್ದೇನು, ಎರಡನ್ನೂ ಬರೆದಿಡಿ. ಮೊದಮೊದಲು ತುಂಬಾ ಕಷ್ಟ. ಕೆಲವು ವಾರ ಮಾಡಿದರೆ ಗಾಬರಿ ಏರಿದ ಹಾಗೆಯೇ ತಾನಾಗಿ ಇಳಿಯುವುದನ್ನು ನೀವೇ ನೋಡುತ್ತೀರಿ. ಚಿಂತೆಯೇ ಇಲ್ಲದ ಮನುಷ್ಯ ಆಗುವುದಿಲ್ಲ. ಚಿಂತೆ ಬಂದರೂ ಆವತ್ತಿನ ಕೆಲಸ ನಿಲ್ಲುವುದಿಲ್ಲ.

ಥೆರಪಿಗೆ ಹೋದರೆ ವೀಸಾಗೆ ತೊಂದರೆ ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಅದು ಸುಳ್ಳು. ಆಫೀಸಿಗೂ ಹೇಳುವುದಿಲ್ಲ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದಂಥ ಸಂದರ್ಭದಲ್ಲಿ ಬೇರೆಯವರಿಗೆ ತಿಳಿಸುತ್ತಾರೆ, ಅದನ್ನು ಮೊದಲೇ ವಿವರಿಸುತ್ತಾರೆ.

ಇಂಗ್ಲಿಷ್‌ನಲ್ಲಿ ಮನಸ್ಸು ಬಿಚ್ಚಲು ಆಗದಿದ್ದರೆ ಅರ್ಜಿಯಲ್ಲೇ ಕನ್ನಡ ಇಂಟರ್‌ಪ್ರಿಟರ್ ಬೇಕೆಂದು ಬರೆಯಿರಿ. ಅದಕ್ಕೂ ದುಡ್ಡಿಲ್ಲ. ಪರಿಚಯದವರೇ ಬಂದುಬಿಟ್ಟರೆ ಎಂಬ ಅಳುಕು ಸಹಜ, ನಮ್ಮ ಜನ ಇಲ್ಲಿ ಕಡಿಮೆ ಅಲ್ವಾ? ಫೋನಿನಲ್ಲಿ, ಬೇರೆ ಊರಿನವರು ಸಿಗುತ್ತಾರಾ ಎಂದು ಕೇಳಿ. ಗಂಡನನ್ನೋ ಹೆಂಡತಿಯನ್ನೋ ಅನುವಾದಕ್ಕೆ ಕೂರಿಸಬೇಡಿ. ಅವರ ಮುಂದೆ ಹೇಳಲಾಗದ್ದೇ ಎಷ್ಟೋ ಇರುತ್ತದೆ.

ಎದೆನೋವು ಹೊಸದಾಗಿ ಬಂದರೆ ಆತಂಕ ಎಂದು ನೀವೇ ತೀರ್ಮಾನಿಸದೆ ಆಂಬುಲೆನ್ಸ್‌ಗೆ 999ಕ್ಕೆ ಫೋನ್ ಮಾಡಿ. ಮನಸ್ಸು ತೀರಾ ಕೈಮೀರಿದರೆ 111 ಒತ್ತಿ, 2 ಆರಿಸಿ. ಮನಸ್ಸಿನ ಕಷ್ಟ ಕೇಳಿಸಿಕೊಳ್ಳುವ ಸಮಾರಿಟನ್ಸ್ ಎಂಬ ಸೇವಾಸಂಸ್ಥೆಯ ನಂಬರ್ 116 123, ಹಗಲೂ ರಾತ್ರಿ ಉಚಿತ.

ಅರ್ಜಿ ಹಾಕಿದ ಮೇಲೆ ಕೆಲವು ಕಡೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಆದ್ದರಿಂದ ಬೇಗ ಹಾಕಿ. ಥೆರಪಿಸ್ಟ್ ಹೊಂದಲಿಲ್ಲ ಅನಿಸಿದರೆ ನಡುವೆ ಬಿಟ್ಟು ಬರಬೇಡಿ. ಬೇರೆಯವರನ್ನು ಕೊಡಿ ಎಂದು ಕೇಳಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.