ನ್ಯೂಗ್ರೇಂಜ್‌ಗೆ ಹೋಗ್ತೀರಾ? ಮೊದಲು ನದಿಯ ಈಚೆ ದಡಕ್ಕೆ ಬನ್ನಿ

ಬೇಸಿಗೆ ಬಂತೆಂದರೆ ಡಬ್ಲಿನ್‌ನಲ್ಲಿರುವ ನಮ್ಮವರ ಮನೆಗಳಿಗೆ ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆ. ಒಂದು ಭಾನುವಾರ ಎಲ್ಲರನ್ನೂ ಕಾರಲ್ಲಿ ಕೂರಿಸಿಕೊಂಡು ಬಾಯ್ನ್ ನದಿ ಕಣಿವೆಯಲ್ಲಿರುವ ಪುರಾತನ ಗೋರಿ ನ್ಯೂಗ್ರೇಂಜ್ ನೋಡಲು ಹೊರಡುತ್ತಾರೆ. ಸಂಜೆ ಸಪ್ಪೆ ಮುಖ ಹಾಕಿಕೊಂಡು ವಾಪಸ್. 'ದೂರದಿಂದ ನೋಡಿದ್ವಿ, ಒಳಗೆ ಬಿಡಲಿಲ್ಲ.' ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊದಲ ಸಲ ನಾನೂ ಹಾಗೇ ಬಂದವನು, ಅದಕ್ಕೇ ಬರೀತಿದ್ದೀನಿ.

ಹಂತ 1: ಟಿಕೆಟ್. ಯಾವ ದಿನ ಹೋಗುವುದು ಅಂತ ಮನೆಯಲ್ಲಿ ಚರ್ಚೆ ಮಾಡುವ ಮುಂಚೆ ಆನ್‌ಲೈನಲ್ಲಿ ಯಾವ ದಿನ ಜಾಗ ಇದೆ ನೋಡಿ. ಬರೀ ಪ್ರದರ್ಶನ ನೋಡುವ ಟಿಕೆಟ್ ಬೇರೆ, ಗೋರಿಯ ಒಳಕೋಣೆಗೆ ಬಿಡುವ ಟಿಕೆಟ್ ಬೇರೆ. ಅಗ್ಗ ಅಂತ ಮೊದಲನೆಯದು ಕೊಂಡು ಅಲ್ಲಿ ಹೋಗಿ ವಾದ ಮಾಡಬೇಡಿ.

ಹಂತ 2: ದಾರಿ. ಎಲ್ಲರೂ ಎಡವುವುದು ಇಲ್ಲೇ. ಮ್ಯಾಪ್‌ನಲ್ಲಿ ನ್ಯೂಗ್ರೇಂಜ್ ಅಂತ ಹಾಕಿದರೆ ಅದು ನಿಮ್ಮನ್ನು ನದಿಯ ಉತ್ತರ ದಡಕ್ಕೆ, ಸೀದಾ ಗೋರಿಯ ಗೇಟಿಗೆ ಒಯ್ಯಬಹುದು. ಬೇಲಿಯಾಚೆ ಗೋರಿ ಕಾಣುತ್ತದೆ, ಆದರೆ ಆ ಗೇಟಿಂದ ಒಳಗೆ ಬಿಡುವುದಿಲ್ಲ. ನೀವು ಹಾಕಬೇಕಾದ್ದು ಬ್ರೂ ನ ಬೋನ್ಯ ವಿಸಿಟರ್ ಸೆಂಟರ್. ಅದು ದಕ್ಷಿಣ ದಡದಲ್ಲಿ, ಡೊನೋರ್ ಹಳ್ಳಿಯ ಹತ್ತಿರ. ಕಾರು ಅಲ್ಲಿ ನಿಲ್ಲಿಸಿ, ಕಾಲುಸೇತುವೆ ದಾಟಿ, ಆಚೆ ಅವರದೇ ಬಸ್ ಹತ್ತಬೇಕು. ಸೆಂಟರಿಂದ ಬಸ್‌ವರೆಗೆ ನಡೆಯುವ ದಾರಿ ಇದೆ, ವಯಸ್ಸಾದವರು ಜೊತೆಗಿದ್ದರೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಕಾಫಿ ಮುಗಿಸಿ ಹೋಗೋಣ ಅಂದರೆ ಬಸ್ ನಿಮಗಾಗಿ ಕಾಯುವುದಿಲ್ಲ.

ಒಳಗೆ ಹೋಗುವ ಓಣಿ ಸುಮಾರು 19 ಮೀಟರ್. ಕಲ್ಲುಗಳು ಎರಡೂ ಕಡೆಯಿಂದ ಒತ್ತಿಕೊಂಡು ನಿಂತಿವೆ, ಕೆಲವು ಕಡೆ ಬಗ್ಗಿ, ಅಡ್ಡ ತಿರುಗಿ ನುಸುಳಬೇಕು. ಆರಡಿ ಎತ್ತರದ ನಮ್ಮ ಮಾವ ಬೆನ್ನಿಗೆ ಬ್ಯಾಗ್ ಏರಿಸಿಕೊಂಡೇ ಹೊರಟಿದ್ದರು, ಗೈಡ್ ತಡೆದು ಬ್ಯಾಗ್ ಇಳಿಸಿದರು. ಫೋಟೋನೂ ಇಲ್ಲ. ಕತ್ತಲು, ಇಕ್ಕಟ್ಟು ಅಂದರೆ ಉಸಿರು ಕಟ್ಟುವವರು ಹೊರಗೇ ಇರಲಿ, ಒತ್ತಾಯ ಮಾಡಬೇಡಿ. ಒಳಕೋಣೆ ತಲುಪಿದ ಮೇಲೆ ಗೈಡ್ ದೀಪ ಆರಿಸುತ್ತಾರೆ. ಆಮೇಲೆ ನೆಲದ ಮೇಲೆ ಬೆಳಕಿನ ಒಂದು ಎಳೆ ಹರಿದು ಬರುತ್ತದೆ. ಅದು ಬಲ್ಬಿನದು, ನಿಜ. ಆದರೆ ಡಿಸೆಂಬರ್ 21ರ ಆಸುಪಾಸಿನ ಮುಂಜಾನೆ, ಮೋಡ ಇಲ್ಲದಿದ್ದರೆ, ಬಾಗಿಲ ಮೇಲಿನ ಕಿಂಡಿಯಿಂದ ಸೂರ್ಯನೇ ಹೀಗೆ ಒಳಗೆ ಬರುತ್ತಾನೆ. ಕ್ರಿಸ್ತಪೂರ್ವ 3200ರ ಸುಮಾರಿಗೆ ಕಟ್ಟಿದ್ದು, ಗೀಜಾದ ಪಿರಮಿಡ್‌ಗಳಿಗಿಂತ ಹಳೆಯದು. ಆ ದಿನಗಳಲ್ಲಿ ಒಳಗೆ ನಿಲ್ಲಲು ಲಾಟರಿ ಎತ್ತುತ್ತಾರೆ, ಪ್ರತಿ ವರ್ಷ ಹೆಸರು ಹಾಕುತ್ತೇನೆ, ಬಂದಿಲ್ಲ.

ಹೊರಗಿನ ಬಿಳಿ ಕಲ್ಲಿನ ಗೋಡೆ ಮುಂದೆ ಎಲ್ಲರೂ ಸೆಲ್ಫಿಗೆ ಸಾಲು ನಿಲ್ಲುತ್ತಾರೆ. ಕಲ್ಲು ಹಳೆಯದೇ, ಆದರೆ ಹಾಗೆ ಜೋಡಿಸಿ ನಿಲ್ಲಿಸಿದ್ದು ಉತ್ಖನನ ಮಾಡಿದ ಓಕೆಲಿ ಅವರ ಕಾಲದಲ್ಲಿ, ಅದು ಸರಿಯೋ ತಪ್ಪೋ ಅಂತ ಇನ್ನೂ ಜಗಳವಿದೆ. ನೀವು ಬಾಗಿಲ ಮುಂದೆ ಅಡ್ಡ ಮಲಗಿರುವ ಸುರುಳಿ ಕೆತ್ತಿದ ಕಲ್ಲು ನೋಡಿ.

ಹಂತ 3: ಊಟ. ಪುಳಿಯೋಗರೆ ಡಬ್ಬಿ.

ಹಂತ 4: ಮಧ್ಯಾಹ್ನ ಒಂದೇ ಜಾಗ, ಹೆಚ್ಚೆಂದರೆ ಎರಡು. ಟ್ರಿಮ್ ಕೋಟೆ ಭರ್ಜರಿಯಾಗಿದೆ, ಆದರೆ ಒಳಗೆ ಮೆಟ್ಟಿಲು ಜಾಸ್ತಿ, ಮಂಡಿನೋವಿನವರನ್ನು ಕರೆದುಕೊಂಡು ಅವತ್ತು ಬೇಡ. ನನ್ನ ಆಯ್ಕೆ ಮೊನಾಸ್ಟರ್‌ಬಾಯ್ಸ್. ಟಿಕೆಟ್ ಇಲ್ಲ, ಒಂದು ಹಳೇ ಸ್ಮಶಾನ, ದುಂಡು ಗೋಪುರ, ಮತ್ತೆ ಸುಮಾರು ಐದೂವರೆ ಮೀಟರ್ ಎತ್ತರದ ಮುರೆದಾಖ್ ಶಿಲುಬೆ. ಹಳೇಬೀಡಿನ ಗೋಡೆಯಲ್ಲಿ ರಾಮಾಯಣ ಓದಿದ ಹಾಗೆ ಇಲ್ಲಿ ಬೈಬಲ್ ಓದಬಹುದು. ಮೊಣಕಾಲೂರಿ ಬುಡ ನೋಡಿ, ಎರಡು ಬೆಕ್ಕುಗಳಿವೆ. ಅವುಗಳ ಹತ್ತಿರದ ಬರಹ, ಈ ಶಿಲುಬೆ ಮಾಡಿಸಿದ ಮುರೆದಾಖ್‌ಗಾಗಿ ಪ್ರಾರ್ಥಿಸಿ ಅನ್ನುತ್ತದೆ. ಸಾವಿರ ವರ್ಷದಿಂದ ಮಳೆಗೆ ನೆಂದರೂ ಬೆಕ್ಕು ಬೆಕ್ಕಿನ ಹಾಗೇ ಕಾಣುತ್ತದೆ.

ಇನ್ನೂ ಹೊತ್ತಿದ್ದರೆ ಟಾರಾ ಗುಡ್ಡ. ಕಥೆ ತಿಳಿಯದೆ ಹೋದರೆ 'ಇಷ್ಟೇನಾ? ಬರೀ ಹುಲ್ಲು' ಅಂತಾರೆ, ಅದೂ ಸುಳ್ಳಲ್ಲ. ಹಿಂದಿನ ರಾಜರ ಪಟ್ಟಾಭಿಷೇಕದ ಜಾಗ. ನಿಜವಾದ ರಾಜ ಮುಟ್ಟಿದರೆ ಕೂಗುತ್ತಿತ್ತಂತೆ, ಲಿಯಾ ಫಾಲ್ ಅನ್ನುವ ನೆಟ್ಟ ಕಲ್ಲು. ನಮ್ಮ ಮನೆಯವರೆಲ್ಲ ಮುಟ್ಟಿದರು, ಯಾರಿಗೂ ಕೂಗಲಿಲ್ಲ. ಕುರಿ ಹಿಕ್ಕೆ ಮಾತ್ರ ನೋಡಿಕೊಂಡು ಕಾಲಿಡಿ.

ಮಳೆಗೆ ಅಗ್ಗದ ಅಂಗಡಿಯ ಕೊಡೆ ತರಬೇಡಿ, ಟಾರಾ ಗಾಳಿಗೆ ಎರಡೇ ನಿಮಿಷದಲ್ಲಿ ತಾವರೆ ಹೂವಾಗುತ್ತದೆ. ಟೋಪಿ ಇರುವ ಜಾಕೆಟ್ ಸಾಕು.

ಡ್ರೈವಿಂಗ್ ನಮ್ಮಂತೆ ಎಡಗಡೆಯೇ, ಅದಕ್ಕೆ ಹೆದರಬೇಡಿ. ಬೇಲಿ ಒತ್ತಿದ ಹಳ್ಳಿ ರಸ್ತೆಗಳಲ್ಲಿ ಮಿತಿ ಈಗ ಸಾಮಾನ್ಯವಾಗಿ 60 ಕಿ.ಮೀ., 2025ರ ಫೆಬ್ರವರಿಯಲ್ಲಿ 80ರಿಂದ ಇಳಿಸಿದರು. ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾದಾಗ 60 ಕೂಡ ಜಾಸ್ತಿಯೇ.

ಕೊನೆಯದು ಟೋಲ್. ಡಬ್ಲಿನ್ ಸುತ್ತುವ ಎಂ50 ಹೆದ್ದಾರಿಯ ಟೋಲ್ ಜಾಗ ದಾಟಿದ್ದರೆ ಅಲ್ಲಿ ಕಟ್ಟೆಯೂ ಇಲ್ಲ, ಟ್ಯಾಗ್ ಅಥವಾ ಖಾತೆ ಮಾಡಿಸಿರದಿದ್ದರೆ ಫಾಸ್ಟ್ಯಾಗ್ ಥರ ತಾನಾಗಿ ಹೋಗುವುದೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿರುತ್ತದೆ, ಮರುದಿನ ರಾತ್ರಿ 8ರೊಳಗೆ ಆನ್‌ಲೈನಲ್ಲಿ ಕಟ್ಟಬೇಕು. ನಾನು ಮರೆತು ದಂಡ ಕಟ್ಟಿದ್ದೇನೆ. ಈಗ ಶೂ ಬಿಚ್ಚುವ ಮುಂಚೆಯೇ, ಬಾಗಿಲಲ್ಲಿ ನಿಂತು ಕಟ್ಟುತ್ತೇನೆ.